ಕತ್ತಿನ ಡಾಪ್ಲರ್: ಪರ್ಸೆಂಟ್ ಬರೆಯುವ ಮುನ್ನ

ಸ್ಕ್ಯಾನ್ ಮುಗಿದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: "ಬ್ಲಾಕ್ ಎಷ್ಟು ಪರ್ಸೆಂಟ್ ಇದೆ ಡಾಕ್ಟ್ರೇ?" ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ಡಾಪ್ಲರಿನಲ್ಲಿ (ಶಬ್ದದ ಅಲೆಯಿಂದ ರಕ್ತದ ಹರಿವು ನೋಡುವ ಸ್ಕ್ಯಾನ್) ಯಂತ್ರ ಅಳೆಯುವುದು ಪರ್ಸೆಂಟನ್ನಲ್ಲ, ರಕ್ತದ ವೇಗವನ್ನು. ವೇಗ ನೋಡಿ ಪರ್ಸೆಂಟ್ ಅಂದಾಜು ಮಾಡುವವರು ನಾವು. ಅಂದಾಜು ತಪ್ಪಿದರೆ ಬೇಡದವರಿಗೆ ಆಪರೇಷನ್, ಬೇಕಾದವರಿಗೆ ಬರೀ ಮಾತ್ರೆ.

ಕತ್ತಿನ ಮೇಲಿಡುವ ಪ್ರೋಬ್ ಹಿಡಿಯುವ ಮೊದಲೇ ಮೂರು ವಿಷಯ ಕೇಳಿಕೊಳ್ಳುತ್ತೇನೆ: ತೊಂದರೆ ಯಾವ ಕಡೆ ಆಯಿತು, ಯಾವತ್ತು ಆಯಿತು, ಕತ್ತಿಗೆ ಹಿಂದೆ ಆಪರೇಷನ್ ಅಥವಾ ಸ್ಟೆಂಟ್ ಆಗಿದೆಯೇ. ಬಲಗಣ್ಣಿಗೆ ಪರದೆ ಇಳಿದ ಹಾಗೆ ಕತ್ತಲೆಯಾಗಿ ಐದು ನಿಮಿಷದಲ್ಲಿ ಸರಿಹೋಗಿದ್ದರೆ, ಇಲ್ಲವೇ ಎಡಗೈ ಸೋತು ಮತ್ತೆ ಬಲ ಬಂದಿದ್ದರೆ, ಬಲಗಡೆಯ ಕೆರೋಟಿಡ್ ಮೇಲೆ ಅನುಮಾನ. "ತಾನೇ ಸರಿಹೋಯ್ತಲ್ಲ" ಎಂದು ಸುಮ್ಮನಿರುವುದೇ ಇಲ್ಲಿ ದೊಡ್ಡ ಅಪಾಯ. ಲಕ್ವ ಹೊಡೆಯುವ ಮುಂಚಿನ ಸೂಚನೆ ಅದು. ಬರೀ ತಲೆಸುತ್ತಿಗೆ ಕೆರೋಟಿಡ್ ಕಾರಣವಾಗಿರುವುದು ಅಪರೂಪ.

ದಿಂಬು ತೆಗೆದು ಮಲಗಿಸಿ, ಗದ್ದ ಸ್ವಲ್ಪ ಮೇಲೆತ್ತಿಸಿ, "ಆ ಕಡೆ ಗೋಡೆ ನೋಡಿ ಅಜ್ಜಾ" ಎಂದರೆ ಸಾಕು, ಕತ್ತು ತೆರೆದುಕೊಳ್ಳುತ್ತದೆ. ಲೀನಿಯರ್ ಪ್ರೋಬಿನಿಂದ ಮೊದಲು ಅಡ್ಡಡ್ಡವಾಗಿ, ಹರಿವು ತೋರಿಸುವ ಬಣ್ಣ ಹಾಕದೆ, ಕಾಲರ್ ಮೂಳೆಯಿಂದ ದವಡೆಯವರೆಗೆ ನೋಡಿಕೊಂಡು ಹೋಗುತ್ತೇನೆ. ಬಣ್ಣ ಹಾಕಿದ ಮೇಲೆ ಅದರ ಗೇನ್ (ಪ್ರಖರತೆ) ಜಾಸ್ತಿಯಾದರೆ ಬಣ್ಣ ಗೋಡೆ ಮೀರಿ ಚೆಲ್ಲಿ ಪ್ಲಾಕನ್ನೇ, ಅಂದರೆ ನಾಳದ ಗೋಡೆಗೆ ಕಟ್ಟಿದ ಗಸಿಯನ್ನೇ, ಮುಚ್ಚಿಬಿಡುತ್ತದೆ. ಆದರೆ ಬಣ್ಣವಿಲ್ಲದೆಯೂ ಆಗುವುದಿಲ್ಲ: ಕೊಬ್ಬು ತುಂಬಿದ ಮೆತ್ತನೆಯ ಪ್ಲಾಕ್ ರಕ್ತದಷ್ಟೇ ಕಪ್ಪಾಗಿ ಕಾಣುತ್ತದೆ, ಬಣ್ಣ ಹರಿಯದೆ ಬಿಟ್ಟ ಜಾಗವೇ ಅದರ ಗುರುತು. ಒಡೆದು ಚೂರು ಮಿದುಳಿಗೆ ಹೋಗುವ ಭಯ ಇಂಥದ್ದರಲ್ಲೇ ಹೆಚ್ಚು. ವಯಸ್ಸಿನ್ನೂ ಚಿಕ್ಕದಿರುವ ಹೆಂಗಸರಲ್ಲಿ ಕಾಮನ್ ಕೆರೋಟಿಡ್ (ಕವಲೊಡೆಯುವ ಮುಂಚಿನ ನಾಳ) ಗೋಡೆ ಸುತ್ತಲೂ ಒಂದೇ ಸಮ ದಪ್ಪವಾಗಿದ್ದರೆ ಅದನ್ನು ಪ್ಲಾಕ್ ಎಂದು ಬರೆಯಬಾರದು, ದೊಡ್ಡ ರಕ್ತನಾಳಗಳ ಗೋಡೆಗೆ ಬರುವ ಟಕಯಾಸು ಉರಿಯೂತವನ್ನು ನೆನೆಯಬೇಕು. ಅದರ ಚಿಕಿತ್ಸೆಯೇ ಬೇರೆ.

ಕವಲಿನಾಚೆ ಮಿದುಳಿಗೆ ಹೋಗುವ ಇಂಟರ್ನಲ್ ಯಾವುದು, ಮುಖದ ಕಡೆ ಹೋಗುವ ಎಕ್ಸ್‌ಟರ್ನಲ್ ಯಾವುದು ಎಂಬುದು ಹೊಸಬರು ಎಡವುವ ಜಾಗ. ಕತ್ತಿನಲ್ಲೇ ಕೊಂಬೆ ಬಿಡುವುದು ಎಕ್ಸ್‌ಟರ್ನಲ್. ಅನುಮಾನವಿದ್ದರೆ ಕಿವಿಯ ಮುಂದೆ ನಾಡಿ ಮಿಡಿಯುವಲ್ಲಿ ಬೆರಳಿನಿಂದ ಪಟಪಟ ತಟ್ಟಿದಾಗ ಎಕ್ಸ್‌ಟರ್ನಲ್‌ನ ಅಲೆಯಲ್ಲಿ (ತೆರೆಯ ಮೇಲಿನ ವೇಗದ ಗೆರೆ) ಗರಗಸದ ಹಲ್ಲಿನಂತೆ ಏರಿಳಿತ ಮೂಡುತ್ತದೆ. ತಟ್ಟಿದ್ದು ಕೆಲವೊಮ್ಮೆ ಇಂಟರ್ನಲ್‌ನಲ್ಲೂ ಸಣ್ಣಗೆ ಕಾಣುವುದರಿಂದ ಕೊಂಬೆ ನೋಡದೆ ಬಿಡುವುದಿಲ್ಲ.

ಇನ್ನು ಪ್ರೋಬಿನ ಶಬ್ದದ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ತೆರೆಯ ಮೇಲೆ ಆ ಕೋನ ತಿಳಿಸುವ ಗೆರೆ, ಅಂದರೆ ಕರ್ಸರ್, ನಾಳಕ್ಕೆ ಸಮಾನಾಂತರವಾಗಿರಬೇಕು, ಕೋನ 60 ಡಿಗ್ರಿ ಮೀರಬಾರದು. ನಿಜವಾದ ಕೋನ 60 ಇದ್ದು ಕರ್ಸರನ್ನು 65ಕ್ಕೆ ಇಟ್ಟರೆ ವೇಗ ಸುಮಾರು 18 ಪರ್ಸೆಂಟ್ ಹೆಚ್ಚು ತೋರಿಸುತ್ತದೆ. ಸೆಕೆಂಡಿಗೆ 200 ಸೆಂ.ಮೀ. ಇದ್ದದ್ದು 237 ಆಗುತ್ತದೆ. 2003ರ ಅಮೆರಿಕದ ರೇಡಿಯಾಲಜಿಸ್ಟರ ಒಮ್ಮತದ ಪಟ್ಟಿಯಂತೆ ಇಂಟರ್ನಲ್‌ನ ಗರಿಷ್ಠ ವೇಗ 125ರ ಒಳಗಿದ್ದರೆ ಬ್ಲಾಕ್ 50ಕ್ಕಿಂತ ಕಡಿಮೆ, 125ರಿಂದ 230ರವರೆಗೆ 50ರಿಂದ 69, 230 ದಾಟಿದರೆ 70 ಅಥವಾ ಹೆಚ್ಚು. ಐದೇ ಡಿಗ್ರಿ ತಪ್ಪಿದ್ದಕ್ಕೆ ರೋಗಿಯ ಹಣೆಬರಹ ಒಂದು ಮೆಟ್ಟಿಲು ಮೇಲೆ ಹೋಯಿತು. ಅದಕ್ಕೇ ಕಾಮನ್ ಕೆರೋಟಿಡ್ ವೇಗದ ಜೊತೆಗಿನ ಅನುಪಾತವನ್ನೂ ನೋಡುತ್ತೇನೆ: 4 ದಾಟಿದರೆ 70ರ ಮೇಲಿನ ಬ್ಲಾಕ್‌ಗೆ ಅದು ಬೆಂಬಲ.

ಕೋನ ಸರಿಯಿದ್ದೂ ವೇಗ ಸುಳ್ಳು ಹೇಳುವುದುಂಟು. ಒಂದು ಕಡೆ ಪೂರ್ತಿ ಮುಚ್ಚಿದ್ದರೆ ಇನ್ನೊಂದು ಕಡೆಯದು ಇಬ್ಬರ ಹೊರೆ ಹೊತ್ತು ಜೋರಾಗಿ ಹರಿಯುತ್ತದೆ. ಹೃದಯದ ಪಂಪಿಂಗ್ ಕಡಿಮೆಯಿದ್ದರೆ ದೊಡ್ಡ ಬ್ಲಾಕ್‌ನಲ್ಲೂ ವೇಗ ಏರುವುದಿಲ್ಲ. ಸುಣ್ಣಗಟ್ಟಿದ ಪ್ಲಾಕಿನ ನೆರಳಲ್ಲಿ ಏನೂ ಕಾಣದಾಗ ಅದೇ ನಾಳದಲ್ಲಿ ನೆರಳು ದಾಟಿದ ಮೇಲಿನ ಅಲೆಯೇ ಸಾಕ್ಷಿ. ಎಲ್ಲಕ್ಕಿಂತ ಅಪಾಯದ್ದು, ಮುಚ್ಚಲು ಕೂದಲೆಳೆ ಉಳಿದ ನಾಳ. ಅಲ್ಲಿ ವೇಗ ಮತ್ತೆ ಇಳಿದಿರುತ್ತದೆ, ಸ್ಕೇಲ್ (ಯಂತ್ರ ತೋರಿಸುವ ವೇಗದ ಮಿತಿ) ಹೆಚ್ಚಿಟ್ಟಿದ್ದರೆ ಬಣ್ಣವೇ ಬರುವುದಿಲ್ಲ. "ಪೂರ್ತಿ ಬಂದ್" ಎಂದು ಬರೆಯುವ ಮೊದಲು ಸ್ಕೇಲ್ ಇಳಿಸಿ, ನಿಧಾನ ಹರಿವನ್ನೂ ಹಿಡಿಯುವ ಪವರ್ ಡಾಪ್ಲರ್ ಹಾಕಿ ದಾರದಂಥ ಹರಿವಿಗಾಗಿ ಹುಡುಕುತ್ತೇನೆ, ಆಮೇಲೆ ಸಿಟಿ ಆಂಜಿಯೋ (ರಕ್ತನಾಳದ ಸಿಟಿ ಸ್ಕ್ಯಾನ್) ಮಾಡಿಸಲು ಹೇಳುತ್ತೇನೆ. ಪೂರ್ತಿ ಮುಚ್ಚಿ ಹಳೆಯದಾದ ನಾಳವನ್ನು ಸಾಮಾನ್ಯವಾಗಿ ತೆರೆಯಲು ಹೋಗುವುದಿಲ್ಲ.

ಸಿಟಿಯ ಪರ್ಸೆಂಟೂ ಯಾವುದರ ಜೊತೆ ಹೋಲಿಸಿದ್ದು ಎಂದು ಕೇಳಲೇಬೇಕು. ಉಳಿದ ದಾರಿ 2 ಮಿ.ಮೀ., ಮೇಲಿನ ಆರೋಗ್ಯವಂತ ಇಂಟರ್ನಲ್ 5 ಮಿ.ಮೀ., ಕವಲಿನ ಬಳಿ ಉಬ್ಬಿದ ಭಾಗವಾದ ಬಲ್ಬ್ 8 ಮಿ.ಮೀ. ಎನ್ನಿ. ಉತ್ತರ ಅಮೆರಿಕದ ನ್ಯಾಸೆಟ್ ಅಧ್ಯಯನದ ಲೆಕ್ಕದಲ್ಲಿ (ಆರೋಗ್ಯವಂತ ಇಂಟರ್ನಲ್ ಜೊತೆ ಹೋಲಿಕೆ) 60, ಯುರೋಪಿನ ಹಳೆಯ ಲೆಕ್ಕದಲ್ಲಿ (ಬಲ್ಬ್ ಜೊತೆ ಹೋಲಿಕೆ) 75! ನಾನು ನ್ಯಾಸೆಟ್ ಲೆಕ್ಕವನ್ನೇ ಬರೆದು, ಹಾಗೆಂದು ಹೆಸರಿಸುತ್ತೇನೆ.

ಲಕ್ಷಣ ಕಂಡಿದ್ದು 70ರಿಂದ 99 ಬ್ಲಾಕ್ ಇದ್ದವರ ಮೇಲೆ ನಡೆದ ಆ ನ್ಯಾಸೆಟ್ ಅಧ್ಯಯನದಲ್ಲಿ (1991) ಎರಡು ವರ್ಷದೊಳಗೆ ಅದೇ ಕಡೆಯ ಸ್ಟ್ರೋಕ್ ಆದದ್ದು ಔಷಧ ಮಾತ್ರ ಪಡೆದವರಲ್ಲಿ 26 ಪರ್ಸೆಂಟ್, ಎಂಡಾರ್ಟರೆಕ್ಟಮಿ (ನಾಳ ತೆರೆದು ಪ್ಲಾಕ್ ತೆಗೆಯುವ ಆಪರೇಷನ್) ಆದವರಲ್ಲಿ 9. ಲಾಭ ಹೆಚ್ಚು ಸಿಗುವುದು ಲಕ್ಷಣ ಕಂಡ ಮೊದಲ ಎರಡು ವಾರದೊಳಗೆ ಆಪರೇಷನ್ ಆದರೆ. ಅದಕ್ಕೇ ಇಂಥ ರಿಪೋರ್ಟನ್ನು ಕವರಿನಲ್ಲಿಟ್ಟು ಕಳಿಸುವುದಿಲ್ಲ, ರೋಗಿ ಇನ್ನೂ ಟೇಬಲ್ ಮೇಲಿರುವಾಗಲೇ ಕಳಿಸಿದ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಸ್ಟೆಂಟೋ ಆಪರೇಷನ್ನೋ ಎಂಬುದನ್ನು ಅವರು ನಿರ್ಧರಿಸುತ್ತಾರೆ. 70 ವಯಸ್ಸು ದಾಟಿದವರಿಗೆ ಸ್ಟೆಂಟಿನಲ್ಲಿ ಸ್ಟ್ರೋಕ್ ಅಪಾಯ ಹೆಚ್ಚು, ಆಪರೇಷನ್‌ನಲ್ಲಿ ಹೃದಯಾಘಾತ ತುಸು ಹೆಚ್ಚು. ಯಾವುದನ್ನು ಮಾಡಿದರೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಗಟ್ಟಿಯಾಗದ ಮಾತ್ರೆ, ಬಿಪಿ ಹಿಡಿತ, ಬೀಡಿ ಸಿಗರೇಟು ಬಿಡುವುದು ತಪ್ಪದು.

ಸ್ಟೆಂಟ್ ಹಾಕಿದ ಮೇಲೆ ನಾಳದ ಗೋಡೆ ಪೆಡಸಾಗಿ, ಬ್ಲಾಕ್ ಇಲ್ಲದಿದ್ದರೂ ವೇಗ ಏರಿರುತ್ತದೆ. ಮೇಲಿನ 125, 230ರ ಪಟ್ಟಿ ಅಲ್ಲಿ ನಡೆಯದು. ಮೊದಲ ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿ, ವೇಗ, ಕೋನ, ಅಳೆದ ಜಾಗ ಮೂರನ್ನೂ ಬರೆದಿಡುತ್ತೇನೆ. ಮುಂದಿನ ಸಲ ಹೋಲಿಸುವುದು ಆ ಕಾಗದದ ಜೊತೆಗೇ.