ಕಂಬಳಿ ತುಪ್ಪಟದ ಜಿಡ್ಡು: ನನ್ನ ಅನುಭವ

"ಕಂಬಳಿ ಕುರಿಯ ತುಪ್ಪಟದಲ್ಲಿ ಲ್ಯಾನೊಲಿನ್ ಹುಡುಕ್ತೀಯಾ? ಮೆರಿನೊ ತರಿಸ್ಕೋ ಹೋಗು" ಅಂತ ನಕ್ಕವರೇ ಜಾಸ್ತಿ. ಲ್ಯಾನೊಲಿನ್ ಅಂದರೆ ಕುರಿ ತುಪ್ಪಟದ ಜಿಡ್ಡಿನಿಂದ ತೆಗೆಯುವ, ಮುಲಾಮಿಗೆ ಹಾಕುವ ಮೇಣ. ಮೆರಿನೊ ಅನ್ನೋ ನಯ ಉಣ್ಣೆಯ ತಳಿಯ ತುಪ್ಪಟದಲ್ಲಿ ನೂರಕ್ಕೆ 10-20 ಪಾಲು ಜಿಡ್ಡಿರುತ್ತದೆ, ನಿಜ. ಆದರೆ ಚಳ್ಳಕೆರೆ ಸುತ್ತ ದಖನಿ, ಅಂದರೆ ಕಂಬಳಿ ಕುರಿಯ, ತುಪ್ಪಟ ಕೇಳುವವರಿಲ್ಲದೆ ಬೇಲಿ ಪಕ್ಕ ಬಿದ್ದಿರುತ್ತದೆ. ಕತ್ತರಿಸಿದ ಕೂಲಿಯೂ ಹುಟ್ಟಲ್ಲ. ನನಗೆ ಸಾಗಾಣಿಕೆ ಖರ್ಚಿಗೇ ಸಿಕ್ಕಿತು.

ಜಿಡ್ಡು ಕರಗಿಸಿ ತೆಗೆಯಲು ಮೊದಲು ಹಿಡಿದದ್ದು ಹೆಕ್ಸೇನ್ ಅನ್ನೋ ದ್ರಾವಕ. ಜಿಡ್ಡು ಚೆನ್ನಾಗಿಯೇ ಬಿಟ್ಟಿತು. ಆದರೆ ಶೆಡ್ಡಿನಲ್ಲಿ ಒಂದು ತಾಸು ನಿಂತರೆ ತಲೆ ಗಿರ್ರ್ ಅನ್ನುತ್ತಿತ್ತು. ನರಕ್ಕೆ ಪೆಟ್ಟು ಕೊಡುವ ವಸ್ತು ಅದು. ಹಿಮ್ಮಡಿ ಬಿರುಕಿಗೆ ಹಚ್ಚುವ ಮುಲಾಮಿಗೆ ಯಾಕೆ ಬೇಕು ಅನ್ನಿಸಿ ಬಿಟ್ಟೆ.

ಆಮೇಲೆ ಈಥೈಲ್ ಅಸಿಟೇಟ್, ಇನ್ನೊಂದು ದ್ರಾವಕ. ನನ್ನ ಪಾತ್ರೆ 40 ಲೀಟರಿನ ಸ್ಟೀಲ್ ಹಾಲಿನ ಕ್ಯಾನು, ಮುಚ್ಚಳಕ್ಕೆ ಕಂಡೆನ್ಸರ್ (ಆವಿ ತಣಿಸಿ ಮತ್ತೆ ದ್ರವ ಮಾಡುವ ಕೊಳವೆ) ಬೆಸುಗೆ ಹಾಕಿಸಿದ್ದು. ಎರಡನೇ ದಿನಕ್ಕೇ ಮುಚ್ಚಳದ ರಬ್ಬರ್ ರಿಂಗು ನೆನೆಸಿದ ಕಡಲೆ ಹಾಗೆ ಊದಿಕೊಂಡಿತು. ಮತ್ತೆ ಮುಚ್ಚಳ ಕೂರಲೇ ಇಲ್ಲ. ಟೆಫ್ಲಾನ್ ರಿಂಗಿಗೆ ಸುಮಾರು 1,800 ರೂಪಾಯಿ ಕೊಟ್ಟೆ. ಮೇಣವೇನೋ ಬಂತು. ಮೊದಲ ಗಿರಾಕಿ ಮೂಸಿ, "ಅಣ್ಣಾ, ನೇಲ್ ಪಾಲಿಶ್ ಥರ ನಾರ್ತದಲ್ಲ" ಅಂದರು. ಹತ್ತಿರ ಹತ್ತಿರ 20 ಸಾವಿರ ಅಲ್ಲಿಗೆ ಹೊಳೆಗೆ ಹೋಯಿತು.

ಕೊನೆಗೆ ಕೈ ಹಿಡಿದದ್ದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಎಥನಾಲ್ ಕೂಡ ಆಗುತ್ತಿತ್ತು, ಅಬಕಾರಿ ಪರವಾನಗಿಗೆ ಓಡಾಡುವವರು ಯಾರು? "ಅದರಲ್ಲಿ ಮೇಣ ಕರಗಲ್ಲ" ಅಂದವರೆಲ್ಲ ತಣ್ಣಗಿದ್ದಾಗ ನೋಡಿದವರು. ವಾಟರ್ ಬಾತಿನಲ್ಲಿ (ಬಿಸಿನೀರಿನ ಪಾತ್ರೆಯೊಳಗೆ) ಇಟ್ಟು 70 ಡಿಗ್ರಿಗೆ ತಂದರೆ ಕರಗುತ್ತದೆ. ಬಿಸಿ ಇರುವಾಗಲೇ ಸೋಸಿ, ಮುಚ್ಚಿ, ರಾತ್ರಿಯಿಡೀ ಐಸ್ ಟಬ್ಬಿನಲ್ಲಿ ಇಡುತ್ತೇನೆ. (ಮನೆಯ ಫ್ರಿಜ್ಜು ಬೇಡ, ಆವಿಗೆ ಒಂದು ಕಿಡಿ ಸಾಕು.) ಬೆಳಗ್ಗೆ ತಳದಲ್ಲಿ ಮರಳು ಮರಳು ತುಪ್ಪದ ಹಾಗೆ ಹಳದಿ ಪದರ! ಮೇಲಿನದನ್ನು ಬಸಿದು ಮತ್ತೆ ಕ್ಯಾನಿಗೇ ಸುರಿಯುತ್ತೇನೆ. ಪ್ರತಿ ಸಲ ಬಟ್ಟಿ ಇಳಿಸುವ ಕರೆಂಟು ಉಳಿಯಿತು.

ಇಲ್ಲೂ ಮೊದಲ ಮೂರು ಬ್ಯಾಚು ಕೆಟ್ಟವು. ತೊಳೆದ ತುಪ್ಪಟ ಪೂರ್ತಿ ಒಣಗಿರಲಿಲ್ಲ. ನೀರು ಸೇರಿದ್ದೇ ತಡ, ಕುರಿಯ ಬೆವರಿನ ಉಪ್ಪೂ ಕರಗಿ ಬಂದು ಎಲ್ಲ ಕಾಫಿ ಬಣ್ಣದ ಅಂಟಾಯಿತು. ಒಮ್ಮೆ ನೀರು ಕುಡಿದ ಐಪಿಎ ಬಟ್ಟಿ ಇಳಿಸಿದರೂ ಅದರ ಶುದ್ಧತೆ ತೂಕದಲ್ಲಿ ನೂರಕ್ಕೆ 88ರ ಮೇಲೆ ಏರಲ್ಲ. ಈಗ ಮೂರು ಬಿಸಿಲು ಕಾಣದ ತುಪ್ಪಟ ಮುಟ್ಟಲ್ಲ. ಹಿಡಿ ಹಿಂಡಿದರೆ ಅಂಗೈಗೆ ತಂಪು ತಾಗಬಾರದು.

10 ಕೆ.ಜಿ. ಕಚ್ಚಾ (ತೊಳೆಯುವ ಮುಂಚಿನ) ತುಪ್ಪಟಕ್ಕೆ 250 ಗ್ರಾಂ ಮೇಣ, ಹೆಚ್ಚುಕಮ್ಮಿ. ಐಪಿಎ ಒಂದೂವರೆ ಲೀಟರ್ ಕಳೆದುಹೋಗುತ್ತದೆ, 200 ರೂಪಾಯಿ ಅಂದುಕೊಳ್ಳಿ. ಉಣ್ಣೆ ಹುಳಕ್ಕೆ ಔಷಧಿ ಹೊಡೆದ ಮಂದೆಯ ತುಪ್ಪಟ ತರಬೇಡಿ, ವಿಷವೂ ಜಿಡ್ಡಿನ ಜೊತೆಗೇ ಇಳಿಯುತ್ತದೆ. ಬಣ್ಣ ತಿಳಿಯಾಗಲು ಏನು ಹಾಕುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಜಿಡ್ಡು ತೆಗೆದ ತುಪ್ಪಟವನ್ನು ನೂಲೋಕೆ ಸುಮ್ನೆ ಒಬ್ಬ ಅಜ್ಜಿಗೆ ಕೊಟ್ಟು ನೋಡಿದೆ. ಎರಡು ಮಾರು ನೂಲುವುದರಲ್ಲಿ ನಾಲ್ಕು ಸಲ ಎಳೆ ಕಡಿಯಿತು. "ಜೀವ ಹೋದ ತುಪ್ಪಟ ತಂದಿದ್ದೀಯಲ್ಲಪ್ಪಾ" ಅಂದಳು. ಅದೇ ತುಪ್ಪಟಕ್ಕೆ ಮೂರು ಸಲ ಐಪಿಎ ಹಾಕಿ ಜಿಡ್ಡೆಲ್ಲ ಎಳೆಯುತ್ತಿದ್ದೆ, ಅಂದಿನಿಂದ ಮೂರನೇ ಸುತ್ತು ಬಿಟ್ಟಿದ್ದೇನೆ. 30 ಗ್ರಾಂ ಕಮ್ಮಿ ಸಿಗುತ್ತದೆ, ಎಳೆ ಕಡಿಯುತ್ತಿಲ್ಲ.