ಸಪಾಟು ಗೆರೆಯನ್ನು ನಂಬುವ ಮೊದಲು

ಮಿದುಳು ಸಾವನ್ನು ಘೋಷಿಸಲು ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯು ಇಇಜಿಯನ್ನು, ಅಂದರೆ ತಲೆಗೆ ಎಲೆಕ್ಟ್ರೋಡುಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆಯನ್ನು, ಕಡ್ಡಾಯ ಮಾಡಿಲ್ಲ. ನಾಲ್ವರು ವೈದ್ಯರ ತಂಡವು ಮಿದುಳು ಕಾಂಡದ (ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಭಾಗದ) ಪ್ರತಿವರ್ತನೆಗಳನ್ನೂ ಸ್ವಂತ ಉಸಿರಾಟವನ್ನೂ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಆದರೂ ಶಿವಮೊಗ್ಗದ ಐಸಿಯುನಲ್ಲಿ ನರರೋಗ ವೈದ್ಯನಾಗಿ, ಮುಖ ಜಜ್ಜಿಹೋಗಿ ಕಣ್ಣುಗಳ ಪರೀಕ್ಷೆ ಸಾಧ್ಯವಾಗದಿದ್ದಾಗ, ಅಥವಾ ಕಾರಣವೇ ಸ್ಪಷ್ಟವಿಲ್ಲದಿದ್ದಾಗ, ನಾನು ಮಿದುಳಿನ ವಿದ್ಯುತ್ ದಾಖಲೆಯ ಮೊರೆಹೋಗುತ್ತೇನೆ.

ಹೆಚ್ಚಿನ ಸಮಯ ಹಿಡಿಯುವುದು ತಲೆಯ ತಯಾರಿಗೇ. ನಮ್ಮ ಕಡೆಯವರ ಕೂದಲಲ್ಲಿ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ. ಅದನ್ನು ಸ್ಪಿರಿಟ್‌ನಿಂದ ಉಜ್ಜಿ ತೆಗೆಯದಿದ್ದರೆ ಎಲೆಕ್ಟ್ರೋಡಿನ ತಡೆ 10,000 ಓಮ್‌ಗಿಂತ ಕೆಳಗಿಳಿಯುವುದಿಲ್ಲ, ಅಂಟಿಸುವ ಪೇಸ್ಟ್ ಹೆಚ್ಚಾಗಿ ಎಲೆಕ್ಟ್ರೋಡುಗಳು ಒಂದಕ್ಕೊಂದು ಕೂಡಿಕೊಂಡರೆ 100 ಓಮ್‌ಗಿಂತಲೂ ಕೆಳಗೆ ಹೋಗಿ ಗೆರೆ ಸುಳ್ಳಾಗಿಯೇ ಸಪಾಟಾಗುತ್ತದೆ. ಆದ್ದರಿಂದ ಪ್ರತಿಯೊಂದು ಎಲೆಕ್ಟ್ರೋಡನ್ನೂ ಬೆರಳಿನಿಂದ ತಟ್ಟಿ ಗೆರೆ ಹಾರುವುದನ್ನು ನೋಡಿಕೊಂಡ ಮೇಲೆ, ಮಿಲಿಮೀಟರಿಗೆ 2 ಮೈಕ್ರೋವೋಲ್ಟ್‌ನಷ್ಟು ಸೂಕ್ಷ್ಮತೆಯಲ್ಲಿ 30 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ದಾಖಲಿಸುತ್ತೇನೆ. ಮಿದುಳು ಸತ್ತಿದ್ದರೆ ಆ ಸೂಕ್ಷ್ಮತೆಯಲ್ಲಿ ಹೃದಯದ ಬಡಿತ, ವೆಂಟಿಲೇಟರಿನ ಕಂಪನ ಎಲ್ಲವೂ ಕಾಣಿಸುತ್ತವೆ, ಮಿದುಳೊಂದನ್ನು ಬಿಟ್ಟು. ನಡುವೆ ಮನೆಯವರು ಕರೆಯುವ ಹೆಸರನ್ನೇ ಕೇಳಿಕೊಂಡು ಕಿವಿಯ ಬಳಿ ಗಟ್ಟಿಯಾಗಿ ಕೂಗುತ್ತೇನೆ, ಕಣ್ಣಿಗೆ ಬೆಳಕು ಬಿಡುತ್ತೇನೆ, ಉಗುರನ್ನು ಒತ್ತುತ್ತೇನೆ.

ನಿದ್ರಾಜನಕ ಔಷಧಗಳೂ ಇಇಜಿಯನ್ನು ಸಪಾಟಾಗಿಸಬಲ್ಲವಾದ್ದರಿಂದ, ಅವುಗಳಿಗೆ ಅಷ್ಟಾಗಿ ಜಗ್ಗದ ಇನ್ನೊಂದು ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟರೆ ಸುಮಾರು 9 ಮಿಲಿಸೆಕೆಂಡಿಗೆ ಕೊರಳೆಲುಬಿನ ಮೇಲೆ, 13ಕ್ಕೆ ಕತ್ತಿನಲ್ಲಿ, 20ಕ್ಕೆ ನೆತ್ತಿಯ ಬದಿಯಲ್ಲಿ ಅಲೆ ಮೂಡಬೇಕು. ಮೊದಲಿನವು ಕಂಡು ಕೊನೆಯದು ಎರಡೂ ಬದಿ ಇಲ್ಲದಿದ್ದರೆ ಮಾತ್ರ ಆ ಗೈರುಹಾಜರಿಗೆ ಬೆಲೆ. ಕೊರಳೆಲುಬಿನ ಅಲೆಯೇ ಇಲ್ಲವೆಂದರೆ ಸಂದೇಶ ಹೊರಟೇ ಇಲ್ಲ. ಕಿವಿಗೆ ಶಬ್ದ ಕೊಟ್ಟು ನರದ ದಾರಿಯಲ್ಲಿ ಒಂದಾದ ಮೇಲೊಂದು ಮೂಡುವ ಅಲೆಗಳನ್ನು ನೋಡುವ ಪರೀಕ್ಷೆಯೂ ಹಾಗೆಯೇ: ಕಪಾಲದ ಮೂಳೆ ಮುರಿದು ಮೊದಲ ಅಲೆ ಬಾರದಿದ್ದರೆ ಮುಂದಿನ ಅಲೆಗಳ ಬಗ್ಗೆ ಏನನ್ನೂ ಹೇಳಲಾಗದು.

ಮಲೆನಾಡಿನಲ್ಲಿ ಇದೆಲ್ಲಕ್ಕೂ ಇನ್ನೊಂದು ಕಾರಣವುಂಟು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಗುರುತು ಕಾಣದೆಯೂ ಇರಬಹುದು; ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಆಮೇಲೆ ಉಸಿರೂ ನಿಂತು, ಪಾಪೆ ಅಗಲವಾಗಿ, ಮಿದುಳು ಸತ್ತವರಂತೆಯೇ ಮಲಗಿರುತ್ತಾರೆ. ವಿಷವು ನರ ಮತ್ತು ಸ್ನಾಯು ಸೇರುವಲ್ಲಿ ತಡೆಯುತ್ತದೆಯೇ ಹೊರತು ಸಂವೇದನೆಯ ದಾರಿಯನ್ನು ಮುಟ್ಟುವುದಿಲ್ಲ. ಇಂಥವರ ಇಇಜಿಯಲ್ಲಿ ಆಲ್ಫಾ ಅಲೆಗಳು (ಎಚ್ಚರವಿದ್ದು ಕಣ್ಣು ಮುಚ್ಚಿದವರಲ್ಲಿ ಕಾಣುವ ಅಲೆಗಳು) ಹೆಸರು ಕೂಗಿದೊಡನೆ ಕದಲುವುದನ್ನು ನಾನು ನೋಡಿದ್ದೇನೆ. ಹಾವಿನ ಶಂಕೆಯಿದ್ದಲ್ಲಿ ನಾಲ್ವರ ತಂಡವನ್ನು ಕರೆಯುವ ಮಾತೇ ಇಲ್ಲ. ವೆಂಟಿಲೇಟರ್ ಮುಂದುವರಿಸಿ, ರೋಗಿಗೆ ಎಲ್ಲವೂ ಕೇಳಿಸುತ್ತಿದೆಯೆಂದೇ ತಿಳಿದು ಹಾಸಿಗೆಯ ಬಳಿ ಮಾತನಾಡುವಂತೆ ಸಿಸ್ಟರ್‌ಗಳಿಗೆ ಹೇಳುತ್ತೇನೆ.