ಆರು ಫ್ಯಾನಿದ್ದರೂ ಕಂಪ್ಯೂಟರ್ ಬೇಯುವುದೇಕೆ?

ಕಳೆದ ಏಪ್ರಿಲ್‌ನಲ್ಲಿ ಕಲಬುರಗಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಮಧ್ಯಾಹ್ನ ಗೇಮ್ ಆಡ್ಲಿಕ್ಕ ಕುಂತ್ರ ಅರ್ಧ ತಾಸಿನ್ಯಾಗ ಕಂಪ್ಯೂಟರ್ ತಾನೇ ಬಂದ್ ಆಗ್ತದ. ಮತ್ತೆರಡು ಫ್ಯಾನ್ ತಂದು ಹಾಕೀನಿ. ಸಪ್ಪಳ ಜಾಸ್ತಿ ಆಗ್ಯದ, ಬಿಸಿ ಮಾತ್ರ ಅಷ್ಟೇ ಅದ."

ಮರುವಾರ ಅಲ್ಲೊಂದು ಮದುವೆಯಿತ್ತು. ಊಟ ಮುಗಿಸಿ ಅವನ ಕೋಣೆಗೆ ಹೋದೆ. ವಿಡಿಯೊ ನೋಡಿಕೊಂಡು ತಾನೇ ಜೋಡಿಸಿದ ಯಂತ್ರ: ರೈಜನ್ 5 5600 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಪುಟ್ಟ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಮುಂದೆ ಬಣ್ಣದ ದೀಪದ ಮೂರು ಫ್ಯಾನು, ಹಿಂದೆ ಒಂದು, ಹೊಸದಾಗಿ ನೆತ್ತಿಯ ಮೇಲೆ ಎರಡು. ಮುಂದಿನ ಮೂರು ಫ್ಯಾನುಗಳ ಎದುರಿಗೆ ಅಂಚಿನಿಂದ ಅಂಚಿಗೆ ಗಾಜು. ಕ್ಯಾಬಿನೆಟ್ಟಿನ ಕೆಳಗೆ ಅಜ್ಜಿಯ ಕಾಲದ ನವಲಗುಂದದ ಜಮಖಾನ. ನೋಡಿದ ಕೂಡಲೇ ಅರ್ಧ ಉತ್ತರ ಹೊಳೆಯಿತು. ಆದರೆ ಹೊಳೆದದ್ದನ್ನು ನಂಬಿ ಸ್ಕ್ರೂ ಬಿಚ್ಚಬಾರದು, ಮೊದಲು ಅಳೆಯಬೇಕು.

ಫ್ಯಾನು ತಂಪನ್ನು ತಯಾರಿಸುವುದಿಲ್ಲ. ಚಿಪ್ಪಿನ ಬಿಸಿಯನ್ನು ಅದರ ಮೇಲೆ ಕೂತ ತೆಳು ಲೋಹದ ಪಟ್ಟಿಗಳ ಹೀಟ್‌ಸಿಂಕ್ ಗಾಳಿಗೆ ದಾಟಿಸುತ್ತದೆ, ಫ್ಯಾನು ಆ ಗಾಳಿಯನ್ನು ಹೊರಗೆ ದಬ್ಬುತ್ತದೆ, ಅಷ್ಟೇ. ಹೀಗಾಗಿ ಕೋಣೆಯಲ್ಲಿ 38 ಡಿಗ್ರಿ ಇದ್ದರೆ ಯಾವ ಗಾಳಿ ಕೂಲರ್ ತಂದು ಹಾಕಿದರೂ ಚಿಪ್ಪು ಅದಕ್ಕಿಂತ ಕೆಳಗೆ ಇಳಿಯದು. ಕೋಣೆ 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಕೂತವರು ಹೇಳುವ ಅಂಕಿಯನ್ನು ಮೇ ತಿಂಗಳ ರಾಯಚೂರಿನಲ್ಲಿ ಹುಡುಕಬೇಡಿ.

ಎಷ್ಟು ಗಾಳಿ ಬೇಕೆಂಬುದಕ್ಕೆ ಲೆಕ್ಕವಿದೆ. ಆ ಕಾರ್ಡ್ ಗರಿಷ್ಠ 170 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಮದರ್‌ಬೋರ್ಡ್, ಉಳಿದದ್ದೆಲ್ಲ ಸೇರಿಸಿ ಒಟ್ಟು 300 ವ್ಯಾಟ್ ಎಂದು ಹಿಡಿಯಿರಿ. ಇಷ್ಟು ಬಿಸಿಯನ್ನು ಹೊತ್ತು ಹೊರಬೀಳುವಾಗ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹಾದುಹೋಗಬೇಕು. ಫ್ಯಾನಿನ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಲೆಕ್ಕದಲ್ಲಿ ಇದು 53ರ ಆಸುಪಾಸು. ಸಾಧಾರಣ 120 ಮಿಲಿಮೀಟರ್ ಫ್ಯಾನೊಂದರ ಡಬ್ಬಿಯ ಮೇಲೂ ಹೆಚ್ಚುಕಡಿಮೆ ಇದೇ ಅಂಕಿ ಇರುತ್ತದೆ. ಆದರೆ ಅದು ಎದುರಿಗೆ ಏನೂ ಅಡ್ಡವಿಲ್ಲದಾಗಿನ ಮಾತು. ಜಾಲರಿ, ಫಿಲ್ಟರ್, ಕೇಬಲ್ಲು ಅಡ್ಡ ಬಂದಷ್ಟೂ ಅದು ಕುಸಿಯುತ್ತದೆ. ಅಡೆತಡೆ ಹಿಡಿದು ಲೆಕ್ಕ ಹಾಕಿದರೂ ಮುಂದೆ ಎರಡು, ಹಿಂದೆ ಒಂದು ಫ್ಯಾನು ಇಂಥ ಯಂತ್ರಕ್ಕೆ ಧಾರಾಳ. ಆರಿದ್ದೂ ಸಾಲದು ಎಂದರೆ ಕೊರತೆ ಇರುವುದು ಫ್ಯಾನಿನದಲ್ಲ, ದಾರಿಯದು.

ಮೊದಲು ಅಳತೆ

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಲಿನಕ್ಸ್‌ನವರಿಗೆ ಎಲ್‌ಎಂ-ಸೆನ್ಸರ್ಸ್ ಇದೆ. ನೀವು ದಿನಾ ಆಡುವ ಗೇಮನ್ನೇ ಇಪ್ಪತ್ತು ನಿಮಿಷ ಓಡಿಸಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ಉಷ್ಣತೆ ಬರೆದುಕೊಳ್ಳಿ. ಪಕ್ಕದಲ್ಲೇ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಇದನ್ನು ಬಿಟ್ಟರೆ ಮುಂದಿನ ಯಾವ ಹೋಲಿಕೆಗೂ ಅರ್ಥವಿಲ್ಲ.

ಅಂಕಿ ನೋಡಿ ಗಾಬರಿಯಾಗುವ ಮುನ್ನ ನಿಮ್ಮ ಚಿಪ್ಪಿನ ಮಿತಿ ತಿಳಿದಿರಲಿ. ರೈಜನ್ 5 5600ಕ್ಕೆ 90 ಡಿಗ್ರಿ, ರೈಜನ್ 7000 ಸರಣಿಯ ಬಹುತೇಕ ಚಿಪ್ಪುಗಳಿಗೆ 95, ಇಂಟೆಲ್‌ನ ಐ5-12400ಕ್ಕೆ 100. ಮಿತಿ ಮುಟ್ಟಿದೊಡನೆ ಚಿಪ್ಪು ಸುಟ್ಟುಹೋಗುವುದಿಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ತಡವರಿಸುವುದು ಆಗ. ಹಾಗೆ ನಿಧಾನವಾಗದೆ ಒಮ್ಮೆಲೇ ಕತ್ತಲಾದರೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್, ಅಂದರೆ ಇಡೀ ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆಯ ಮೇಲೆ.

ಹುಡುಗನ ಯಂತ್ರದಲ್ಲಿ ಅದೇ ಆಗಿತ್ತು. ಇತ್ತೀಚಿನ ಕ್ಯಾಬಿನೆಟ್ಟುಗಳಲ್ಲಿ ಎಸ್‌ಎಂಪಿಎಸ್ ತಳದಲ್ಲಿರುತ್ತದೆ, ಅದರ ಫ್ಯಾನು ನೆಲದ ಕಡೆಯಿಂದ ಗಾಳಿ ಎಳೆಯುತ್ತದೆ. ಗಿಡ್ಡ ಕಾಲುಗಳು ಜಮಖಾನದಲ್ಲಿ ಹುದುಗಿ, ತಳದ ಜಾಲರಿಯೇ ಮುಚ್ಚಿಹೋಗಿತ್ತು. ಕ್ಯಾಬಿನೆಟ್ಟನ್ನು ಎತ್ತಿ ಒಂದು ಮಣೆಯ ಮೇಲಿಟ್ಟೆವು. ಬಂದ್ ಆಗುವುದು ಅವತ್ತೇ ನಿಂತಿತು. ನಯಾಪೈಸೆ ಖರ್ಚಿಲ್ಲ. ಇಲ್ಲಿಯೇ ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಒಳಗಿನ ಫ್ಯಾನು ಒರೆಸುತ್ತೇನೆಂದು ಅದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಆದರೆ ಬಿಸಿ ಇನ್ನೂ ಇತ್ತು. ಕೋಣೆ 38 ಡಿಗ್ರಿ, ಪ್ರೊಸೆಸರ್ 89, ಕಾರ್ಡ್ 83.

ಮಗ್ಗುಲ ಬಾಗಿಲು ತೆಗೆದು ನೋಡಿ

ಇಡೀ ಲೇಖನದಲ್ಲಿ ಒಂದೇ ಪರೀಕ್ಷೆ ಮಾಡಲು ಪುರಸೊತ್ತು ಇದ್ದರೆ ಇದನ್ನು ಮಾಡಿ. ಕಂಪ್ಯೂಟರ್ ಆರಿಸಿ, ಮಗ್ಗುಲ ಗಾಜಿನ ಬಾಗಿಲು ತೆಗೆದಿಟ್ಟು, ಅದೇ ಗೇಮನ್ನು ಮತ್ತೆ ಇಪ್ಪತ್ತು ನಿಮಿಷ ಓಡಿಸಿ. ಉಷ್ಣತೆ ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಕ್ಯಾಬಿನೆಟ್ಟಿನ ಗಾಳಿ ಸರಿಯಿದೆ, ತೊಂದರೆ ಕೂಲರ್‌ನಲ್ಲಿ ಅಥವಾ ಚಿಪ್ಪಿಗೂ ಅದಕ್ಕೂ ನಡುವೆ ಬಳಿಯುವ ಥರ್ಮಲ್ ಪೇಸ್ಟಿನಲ್ಲಿದೆ. ಎಂಟು ಹತ್ತು ಡಿಗ್ರಿ ಇಳಿದರೆ ಕೂಲರಿನ ತಪ್ಪಿಲ್ಲ, ಕ್ಯಾಬಿನೆಟ್ಟು ಉಸಿರುಗಟ್ಟಿದೆ. ಹುಡುಗನದು 89ರಿಂದ 77ಕ್ಕೆ ಇಳಿಯಿತು.

"ಹಂಗಿದ್ರ ತೆಗದೇ ಇಡ್ಲೇನು ಮಾಮಾ?" ಅಂದ. ಇಡಬಹುದು. ಎರಡು ತಿಂಗಳಲ್ಲಿ ಧೂಳು ಮೆತ್ತಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ, ಮನೆಯಲ್ಲಿ ಹಲ್ಲಿ ಇದ್ದರೆ ಇನ್ನೂ ಬೇಗ.

ಊದುಬತ್ತಿ ಹೇಳುವ ಸತ್ಯ

ಬಾಗಿಲು ಮುಚ್ಚಿ, ಯಂತ್ರ ಓಡುತ್ತಿರುವಾಗ ಹೊರಗಿನಿಂದ ಒಂದು ಊದುಬತ್ತಿಯನ್ನು ಪ್ರತಿ ಜಾಲರಿಯ ಹತ್ತಿರ ನಿಧಾನ ಸುತ್ತಿಸಿ. ಬೂದಿ ಒಳಗೆ ಬೀಳದಂತೆ ಅರ್ಧ ಅಡಿ ದೂರ ಇರಲಿ. ಹೊಗೆ ಮುಂದಿನಿಂದ ಒಳನುಗ್ಗಬೇಕು, ಹಿಂದಿನ ಮತ್ತು ಮೇಲಿನ ಕಿಂಡಿಯಿಂದ ದೂರ ತೂರಬೇಕು. ಹುಡುಗನ ಯಂತ್ರದಲ್ಲಿ ಮುಂದುಗಡೆ ಹೊಗೆ ಅಲುಗಾಡಲೇ ಇಲ್ಲ. ಹಿಂಬದಿಯ ಕಾರ್ಡ್ ಸ್ಲಾಟುಗಳ ಸಣ್ಣ ಸೀಳುಗಳಲ್ಲಿ ಮಾತ್ರ ಸರ್ರನೆ ಒಳಗೆ ಹೋಯಿತು.

ಏನಾಗುತ್ತಿತ್ತೆಂದರೆ, ಗಾಜಿನ ಹಿಂದಿನ ಮೂರು ಫ್ಯಾನುಗಳಿಗೆ ಗಾಳಿ ಸಿಗುತ್ತಿದ್ದುದು ಬೆರಳಗಲದ ಅಂಚಿನ ಸಂದಿಯಿಂದ. ಅದೇ ಹೊತ್ತಿಗೆ ಮೇಲಿನ ಎರಡು ಮತ್ತು ಹಿಂದಿನ ಒಂದು ಫ್ಯಾನು ಗಾಳಿಯನ್ನು ಹೊರಗೆ ಎಳೆಯುತ್ತಿದ್ದವು. ಬರುವುದು ಕಡಿಮೆ, ಹೋಗುವುದು ಹೆಚ್ಚು. ಕೊರತೆ ತುಂಬಿಕೊಳ್ಳಲು ಗಾಳಿ ಹಿಂದಿನ ಸೀಳುಗಳಿಂದ ನುಗ್ಗುತ್ತಿತ್ತು. ಅದೂ ಆಗತಾನೇ ಹಿಂದಿನ ಫ್ಯಾನು ಉಗುಳಿದ ಬಿಸಿಗಾಳಿ. ಜೊತೆಗೆ ಫಿಲ್ಟರಿಲ್ಲದ ದಾರಿಯಾದ್ದರಿಂದ ಧೂಳಿಗೂ ಅದೇ ಹೆಬ್ಬಾಗಿಲು. ಮುಂಬಾಗಿಲು ಜಡಿದು ಹಿತ್ತಲ ಬಾಗಿಲಿಗೆ ಎಷ್ಟು ಬೀಸಣಿಗೆ ಕಟ್ಟಿದರೂ ಪಡಸಾಲೆಗೆ ಗಾಳಿ ಬಾರದು. ಹಳೆಯ ಮನೆ ಕಟ್ಟಿದವರಿಗೆ ಗೊತ್ತಿದ್ದದ್ದು ಕ್ಯಾಬಿನೆಟ್ ಮಾಡುವವರಿಗೆ ಮರೆತುಹೋಗಿದೆ, ಅಥವಾ ಗಾಜು ಚೆನ್ನಾಗಿ ಮಾರಾಟವಾಗುತ್ತದೆ.

ದಾರಿ ಬಿಡಿಸುವುದು

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಲೋಹದ ಚೌಕಟ್ಟನ್ನೊಮ್ಮೆ ಕೈಯಿಂದ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು ಕೆಲಸ ಶುರುಮಾಡಿ.

ಮುಂದಿನ ಫಲಕ ಬಹುತೇಕ ಕ್ಯಾಬಿನೆಟ್ಟುಗಳಲ್ಲಿ ಕೆಳಗಿನಿಂದ ಹಿಡಿದೆಳೆದರೆ ಬಿಡಿಸಿಕೊಳ್ಳುತ್ತದೆ. ಪವರ್ ಬಟನ್ನಿನ ವೈರು ಅದಕ್ಕೇ ಅಂಟಿಕೊಂಡಿದ್ದರೆ ಜೋಪಾನ. ನಾವು ಗಾಜು ತೆಗೆದು, ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿಯನ್ನು ಅಳತೆಗೆ ಕತ್ತರಿಸಿ ಡಬಲ್ ಟೇಪಿನಿಂದ ಅಂಟಿಸಿದೆವು. ಅದು ಕೂದಲು, ಹತ್ತಿ, ಹುಳವನ್ನು ತಡೆಯುತ್ತದೆ. ನುಣ್ಣನೆಯ ಧೂಳನ್ನು ತಡೆಯುವುದಿಲ್ಲ, ತಡೆಯುವಷ್ಟು ಒತ್ತಾದ ಬಟ್ಟೆ ಹಾಕಿದರೆ ಗಾಳಿಯೂ ನಿಲ್ಲುತ್ತದೆ. ಹೊಸ ಕ್ಯಾಬಿನೆಟ್ ಕೊಳ್ಳುವವರು ಮುಂದುಗಡೆ ಜಾಲರಿ ಇರುವುದನ್ನೇ ಆರಿಸಿ. ನಮ್ಮ ಸೆಕೆಗೆ ಗಾಜಿನ ಮುಖ ಒಗ್ಗುವುದಿಲ್ಲ.

ಆಮೇಲೆ ಮೇಲಿನ ಫ್ಯಾನುಗಳು. ನೆತ್ತಿಯ ಮುಂಭಾಗದಲ್ಲಿ ಇದ್ದದ್ದನ್ನು ತೆಗೆದೇ ಬಿಟ್ಟೆ. ಮುಂದಿನಿಂದ ಬರುವ ತಂಗಾಳಿ ಪ್ರೊಸೆಸರ್ ಮುಟ್ಟುವ ಮೊದಲೇ ಆ ಫ್ಯಾನು ಅದನ್ನು ಮೇಲಕ್ಕೆ ಕದ್ದೊಯ್ಯುತ್ತಿತ್ತು. ಹಿಂಭಾಗದ್ದು ಇರಲಿ, ಅದು ಕೂಲರಿನ ಬಿಸಿಯನ್ನು ಎತ್ತುತ್ತದೆ. ಈಗ ಒಳಗೆ ಮೂರು, ಹೊರಗೆ ಎರಡು. ಒಳಬರುವುದು ತುಸು ಹೆಚ್ಚಿದ್ದರೆ ಒಳ್ಳೆಯದು, ಸಂದುಗೊಂದುಗಳಿಂದ ಗಾಳಿ ಹೊರಗೇ ಸೋರುತ್ತದೆ, ಧೂಳು ಒಳಬರುವುದು ಫಿಲ್ಟರಿನ ದಾರಿಯೊಂದರಿಂದಲೇ.

ಫ್ಯಾನಿನ ದಿಕ್ಕು ತಿಳಿಯುವುದು ಸುಲಭ: ರೆಕ್ಕೆಗಳು ಬಯಲಾಗಿ ಕಾಣುವ ಕಡೆಯಿಂದ ಗಾಳಿ ಎಳೆಯುತ್ತದೆ, ಅಡ್ಡಪಟ್ಟಿಗಳಿರುವ ಕಡೆಗೆ ಊದುತ್ತದೆ. ಹಿಂದಿನ ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ ಎಷ್ಟೋ ಯಂತ್ರಗಳನ್ನು ಕಂಡಿದ್ದೇನೆ.

ಕೇಬಲ್ಲುಗಳನ್ನು ಮದರ್‌ಬೋರ್ಡಿನ ಹಿಂಬದಿಗೆ ಸರಿಸಿ ಕಟ್ಟಿದರೆ ಚೆಂದ, ಆದರೆ ಉಷ್ಣತೆಯಲ್ಲಿ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಫ್ಯಾನಿನ ಬಾಯಿಗೆ ಕೇಬಲ್ ಕಂತೆ ಅಡ್ಡ ಬಾರದಿದ್ದರೆ ಸಾಕು. ಕ್ಯಾಬಿನೆಟ್ಟಿನ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಬಿಡಿ.

ಧೂಳು ಮತ್ತು ಪೇಸ್ಟ್

ಧೂಳಿಗೆ ಕೈಯಲ್ಲಿ ಹಿಡಿಯುವ ಬ್ಲೋವರ್, ಮೆತ್ತನೆ ಬ್ರಷ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಕರಾವಳಿಯವರಿಗೆ ಬೇರೆ ಪಾಡು. ಮಳೆಗಾಲದ ತೇವಕ್ಕೆ ಧೂಳು ಹೀಟ್‌ಸಿಂಕಿನ ಸಂದಿಗಳಲ್ಲಿ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ, ಊದಿದರೆ ಹೋಗದು, ಬ್ರಷ್‌ನಿಂದಲೇ ಬಿಡಿಸಬೇಕು.

ಪೇಸ್ಟನ್ನು ಸುಮ್ಮಸುಮ್ಮನೆ ಬದಲಿಸುವ ಚಟ ಬೇಡ. ಬಾಗಿಲು ತೆಗೆದರೂ ಪ್ರೊಸೆಸರ್ ಬಿಸಿ ಇಳಿಯದಿದ್ದರೆ, ಅಥವಾ ಕೂರಿಸಿ ವರ್ಷಗಳು ಕಳೆದಿದ್ದರೆ ಮಾತ್ರ ಕೈಹಾಕಿ. ಹಳೆಯ ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ರೈಜನ್‌ಗಳಲ್ಲಿ ಒಂದು ಕಂಟಕವಿದೆ: ಗಟ್ಟಿಯಾದ ಪೇಸ್ಟ್ ಹಿಡಿದುಕೊಂಡು, ಕೂಲರ್ ಎತ್ತಿದಾಗ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಹಾಗಾಗದಿರಲು ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟನ್ನು ಮೆತ್ತಗಾಗಿಸಿ. ಆಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ತೆಗೆದು ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿ ಎತ್ತಿ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇಂಟೆಲ್ ಡಬ್ಬಿಯ ಕೂಲರಾದರೆ ನಾಲ್ಕೂ ಪಿನ್ನುಗಳು ಟಕ್ಕೆಂದವೇ ನೋಡಿ. ಒಂದು ಪೂರ್ತಿ ಕೂರದಿದ್ದರೂ ಒಂದು ಮೂಲೆ ಎತ್ತಿಕೊಂಡು ಉಷ್ಣತೆ ಜಿಗಿಯುತ್ತದೆ.

ವೇಗ ಹೊಂದಿಸುವುದು

ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು, ಆದರೆ ಅದು ಎಳೆಯುವ ವಿದ್ಯುತ್ ಎಂಟು ಪಟ್ಟು, ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚು. ಮೂರು ಫ್ಯಾನನ್ನು ಮೆಲ್ಲಗೆ ತಿರುಗಿಸುವುದು ಒಂದನ್ನು ಚೀರಿಸುವುದಕ್ಕಿಂತ ವಾಸಿ ಎನ್ನುವುದು ಇದಕ್ಕೇ.

ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟದಲ್ಲಿ, ಎಷ್ಟು ಬಿಸಿಗೆ ಎಷ್ಟು ವೇಗ ಎಂದು ಹೇಳುವ ಫ್ಯಾನ್ ಕರ್ವ್ ಇರುತ್ತದೆ. ನಾನು ಇಟ್ಟದ್ದು: 50 ಡಿಗ್ರಿವರೆಗೆ ಶೇ 40 ವೇಗ, 75ಕ್ಕೆ ಶೇ 70, 85ಕ್ಕೆ ಪೂರ್ಣ. ವೇಗ ನಿಯಂತ್ರಿಸುವ ಬಗೆಯಾಗಿ ನಾಲ್ಕು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ, ಮೂರು ಪಿನ್ನಿನದಕ್ಕೆ ಡಿಸಿ ಆಯ್ಕೆ ಮಾಡಿ. ಮೂರು ಪಿನ್ನಿನ ಫ್ಯಾನು ಪಿಡಬ್ಲ್ಯುಎಂನಲ್ಲಿದ್ದರೆ ಸದಾ ಪೂರ್ಣ ವೇಗದಲ್ಲೇ ಅರಚುತ್ತದೆ. ಅಗ್ಗದ ಬಣ್ಣದ ಫ್ಯಾನುಗಳಲ್ಲಿ ಕೆಲವು ನೇರ ಎಸ್‌ಎಂಪಿಎಸ್‌ನ ದಪ್ಪ ಕನೆಕ್ಟರಿಗೆ ಸಿಕ್ಕಿಸುವಂಥವು. ಅವಕ್ಕೆ ಮದರ್‌ಬೋರ್ಡ್ ವೇಗ ಹೇಳಿಕೊಡಲಾರದು. ಮದರ್‌ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಒಂದು ಹೆಡರಿಗೆ ಹಲವು ಫ್ಯಾನು ಕವಲೊಡೆಸುವವರು ಫ್ಯಾನಿನ ಚೀಟಿ ಮೇಲಿನ ಆಂಪಿಯರ್ ಕೂಡಿ ನೋಡಿ. ಸಾಮಾನ್ಯ ಹೆಡರಿನ ಮಿತಿ 1 ಆಂಪಿಯರ್.

ಕೊನೆಗೆ, ಹೊರಹಾಕುವುದಕ್ಕಿಂತ ಹುಟ್ಟಿಸದಿರುವುದೇ ಸುಲಭ. ಹುಡುಗನ ಮಾನಿಟರ್ 75 ಹರ್ಟ್ಜ್‌ನದು, ಸೆಕೆಂಡಿಗೆ 75 ಚಿತ್ರ ಮಾತ್ರ ತೋರಿಸಬಲ್ಲದು, ಕಾರ್ಡ್ ಮಾತ್ರ ಸೆಕೆಂಡಿಗೆ 130 ಫ್ರೇಮ್ ಬಿಡಿಸುತ್ತಿತ್ತು. ಆಟದ ಸೆಟ್ಟಿಂಗ್‌ನಲ್ಲೇ 75ಕ್ಕೆ ಕಡಿವಾಣ ಹಾಕಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಮಿತಿಯನ್ನು ಶೇ 85ಕ್ಕೆ ಇಳಿಸಿದೆ, ಅಂದರೆ 170ರ ಬದಲು ಸುಮಾರು 145 ವ್ಯಾಟ್. ಆಟದಲ್ಲಿ ವ್ಯತ್ಯಾಸ ಅವನಿಗೂ ತಿಳಿಯಲಿಲ್ಲ, ನನಗಂತೂ ಮೊದಲೇ ತಿಳಿಯುವುದಿಲ್ಲ.

ಮರುದಿನ ಮಧ್ಯಾಹ್ನ, ಕೋಣೆಯಲ್ಲಿ ಅದೇ 38 ಡಿಗ್ರಿ ಇದ್ದಾಗ ಮತ್ತೆ ಅಳೆದೆವು. ಬಾಗಿಲು ಮುಚ್ಚಿದ್ದರೂ ಪ್ರೊಸೆಸರ್ 76, ಕಾರ್ಡ್ 70. ತೆಗೆದಿಟ್ಟ ಫ್ಯಾನು ಒಂದು ಉಳಿಯಿತು. ಮಗ್ಗುಲ ಬಾಗಿಲಿನ ಒಳಬದಿಯ ಚೌಕಟ್ಟಿಗೆ ಕಾಗದದ ಟೇಪ್ ಅಂಟಿಸಿ, ಆ ದಿನದ ತಾರೀಖು ಮತ್ತು ಈ ಮೂರು ಅಂಕಿಗಳನ್ನು ಬರೆದೆ. ಮುಂದೆ ಕೋಣೆ ಇಷ್ಟೇ ಬಿಸಿಯಿದ್ದು, ಅಂಕಿ ಐದು ಡಿಗ್ರಿ ಏರಿದ ದಿನ ಜಾಲರಿ ತೊಳೆಯಬೇಕೆಂದು ಹುಡುಗನಿಗೆ ಹೇಳಿದ್ದೇನೆ.